ನೋಡೋಣ ಎಂದ ಮೇಲೆ

ಎಂಟನೇ ಸಲ ತಿದ್ದಿ ಕಳಿಸಿದ್ದ ಪ್ಯಾಚ್‌ಗಳ ಕಟ್ಟನ್ನು ತೆರೆದು ಹದಿನೇಳನೆಯದಕ್ಕೆ ಬಂದಾಗ ಭವ್ಯಳ ಕೈ ಅಲ್ಲೇ ನಿಂತಿತು. ಅದರಲ್ಲಿ ಅವಳ ಹೆಸರಿತ್ತು. ಪರಿಶೀಲಿಸಿ ಒಪ್ಪಿದವರು: ಭವ್ಯ ನಾಗಭೂಷಣ್. ಅವಳು ಒಪ್ಪಿಯೇ ಇರಲಿಲ್ಲ.

ಮಧುಗಿರಿಯ ಮನೆಯ ಮುಂದಿನ ಕೋಣೆಯಲ್ಲಿ ಕೂತು, ಬೇರೆಯವರು ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಕರ್ನಲ್‌ಗೆಂದು ಬರೆದ ಪ್ಯಾಚ್‌ಗಳನ್ನು, ಅಂದರೆ ಕೋಡಿನ ತಿದ್ದುಪಡಿಗಳನ್ನು, ಓದಿ ತಪ್ಪು ಹುಡುಕುವ ಕೆಲಸ ಅವಳದು. ಒಮ್ಮೆ ಆ ಸಾಲಿನಲ್ಲಿ ಹೆಸರು ಬಿದ್ದು, ಕೊನೆಯ ಒಪ್ಪಿಗೆ ಕೊಡುವ ಮೇಂಟೇನರ್ ಪ್ಯಾಚನ್ನು ಒಳಗೆ ಸೇರಿಸಿದನೆಂದರೆ ಮುಗಿಯಿತು, ಅದನ್ನು ಅಳಿಸುವವರಿಲ್ಲ. ಹನ್ನೊಂದು ವರ್ಷದಲ್ಲಿ ಅವಳ ಹೆಸರು ಹಾಗೆ ಬಿದ್ದಿದ್ದು ಮುನ್ನೂರು ಚಿಲ್ಲರೆ ಸಲ. ಒಂದರ ಬಗ್ಗೆಯೂ ಅವಳು ತಲೆ ತಗ್ಗಿಸಬೇಕಾಗಿ ಬಂದಿರಲಿಲ್ಲ.

ಈ ಕಟ್ಟು, ಕಂಪ್ಯೂಟರಿನ ಹೊಟ್ಟೆಯಲ್ಲಿ ಓಡುವ ಕಂಪ್ಯೂಟರಿನ ಹೊಟ್ಟೆಯಲ್ಲಿ ಇನ್ನೊಂದನ್ನು ಓಡಿಸುವುದಕ್ಕೆ. ನಡುವಿನ ಯಂತ್ರ ಒಳಗಿನದನ್ನು ಹೇಗೆ ಓಡಿಸಬೇಕೆಂದು ತನ್ನ ಮೆಮೊರಿಯ ಒಂದು ಪುಟದಲ್ಲಿ ಬರೆದು ಕೊಡುತ್ತದೆ. ಹೊರಗಿನ ಕರ್ನಲ್ ಅದನ್ನು ಓದಿ, ಸರಿಯಿದೆಯೇ ಎಂದು ಪರೀಕ್ಷಿಸಿ, ಹಾಗೆಯೇ ಓಡಿಸಬೇಕು. ಹದಿನೇಳನೆಯ ಪ್ಯಾಚ್ ಆ ಪುಟವನ್ನು ಎರಡು ಸಲ ಓದುತ್ತಿತ್ತು. ಪರೀಕ್ಷೆಗೆ ಒಂದು ಸಲ, ಓಡಿಸುವುದಕ್ಕೆ ಇನ್ನೊಂದು ಸಲ. ನಡುವೆ ಪುಟದಲ್ಲಿದ್ದುದನ್ನು ಯಾರಾದರೂ ಬದಲಿಸಿದರೆ? ರಿಜಿಸ್ಟ್ರಾರ್ ಕಚೇರಿಯ ಕಿಟಕಿಯಲ್ಲಿ ಒಂದು ಪತ್ರ ತೋರಿಸಿ, ಸಹಿ ಹಾಕಿಸುವಾಗ ಇನ್ನೊಂದನ್ನು ಮುಂದಿಟ್ಟ ಹಾಗೆ. ಅದನ್ನು ಅವಳು ಐದನೇ ಸಲವೇ ಕಂಡಿದ್ದಳು.

ಅತ್ತೆ ನಾಗರತ್ನಮ್ಮ ಬಾಗಿಲ ಬಳಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು.

‘ಬೆಳಿಗ್ಗಿಂದ ಒಂದೇ ಕಡೆ ನೋಡ್ತಾ ಕುಂತಿದ್ದೀಯಲ್ಲೇ. ಬರೆಯೋನು ಬೇರೆ, ಓಡ್ಸೋನು ಬೇರೆ. ಬರೀ ನೋಡೋದೂ ಒಂದು ಕೆಲ್ಸಾನಾ?’

‘ಹೂಂ ಅತ್ತೆ.’

‘ಭಾನುವಾರ ಸಿದ್ದರಬೆಟ್ಟಕ್ಕೆ ಶಿವರುದ್ರಮ್ಮನ ಮನೆಯೋರ್ ಕಾರಲ್ಲಿ ಜಾಗ ಐತಂತೆ. ಬತ್ತೀಯಾ?’

‘ನೋಡೋಣ ಅತ್ತೆ.’

‘ಬರಲ್ಲ ಅನ್ನು. ಬುಡು, ಅವರಿಗೂ ಅಂಗೇ ಹೇಳ್ತೀನಿ.’

ಅತ್ತೆಗೆ ಬೇಸರವೇನೂ ಆಗಿರಲಿಲ್ಲ. ಬೆರಳುಗಳು ಬೀಜದ ಮೇಲೆಯೇ ಇದ್ದವು. ಭವ್ಯ ಮಾತ್ರ ಪರದೆಯಿಂದ ಕಣ್ಣು ತೆಗೆದು ಅವರನ್ನೇ ನೋಡಿದಳು. ಆಮೇಲೆ ಹಳೆಯ ಮೇಲ್‌ಗಳನ್ನು ಹುಡುಕಿದಳು. ಐದನೇ ಸಲದ ಉತ್ತರದಲ್ಲಿ ಅಕ್ಷರದೋಷ, ಬಿಟ್ಟುಹೋದ ಜಾಗ ಎಂದು ಹನ್ನೆರಡು ಸಣ್ಣ ತಪ್ಪುಗಳನ್ನು ಎತ್ತಿ ತೋರಿಸಿದ್ದಳು. ಕೊನೆಯಲ್ಲಿ, ನನ್ನ ತಿಳುವಳಿಕೆಯೇ ತಪ್ಪಿರಬಹುದು ಎಂದು ಶುರುಮಾಡಿ, ಎರಡು ಸಲ ಓದುವ ವಿಷಯ ಎತ್ತಿ, ಇಂಗ್ಲಿಷಿನಲ್ಲಿ ‘ನೋಡೋಣ’ ಎಂದು ಮುಗಿಸಿದ್ದಳು. ಆರು, ಏಳರಲ್ಲೂ ಅದೇ.

ಅವಳು ಮುಜಾಮಿಲ್‌ಗೆ ಫೋನ್ ಮಾಡಿದಳು. ಪ್ಯಾಚ್ ಬರೆದವನು ಅವನೇ. ಅವಳದೇ ಕಂಪನಿ, ಶಿರಾದವನು, ಎರಡು ಮಕ್ಕಳ ತಂದೆ. ಒಂದೇ ಸೀಮೆಯವರೆಂದು ಮೊದಲ ದಿನದಿಂದಲೂ ಅವಳನ್ನು ಅಕ್ಕ ಎನ್ನುತ್ತಿದ್ದ.

‘ಹದಿನೇಳಕ್ಕೆ ನನ್ನ ಹೆಸ್ರು ಹೆಂಗೆ ಬಂತು ಮುಜಾಮಿಲ್?’

‘ನೀವು ಹೇಳಿದ್ದೆಲ್ಲಾ ಸರಿ ಮಾಡಿದ್ನಲ್ಲ ಅಕ್ಕ. ಹನ್ನೆರಡಕ್ಕೆ ಹನ್ನೆರಡೂ.’

‘ಎರಡು ಸಲ ಓದೋದು?’

‘ಅದಕ್ಕೆ ನೋಡೋಣ ಅಂದಿದ್ರಿ. ಮುಂದೆ ಯಾವಾಗಾದ್ರೂ ನೋಡಿದ್ರಾಯ್ತು ಅಂತಲ್ವಾ?’

‘ನಮ್ಮ ಕಡೆ ನೋಡೋಣ ಅಂದ್ರೆ ಏನಪ್ಪ?’

‘ನಂಗೆ ಹೆಣ್ಣು ನೋಡ್ವಾಗ ಮೂರು ಮನೆಯೋರು ನೋಡೋಣ ಅಂದಿದ್ರು ಅಕ್ಕ. ಅಲ್ಲಿ ಗೊತ್ತಾಯ್ತು. ಇಂಗ್ಲಿಷ್ನಾಗೂ ಅಂಗೇ ಅಂತ ಹೆಂಗೆ ಗೊತ್ತಾಗ್ಬೇಕು?’

ನಗು ಬರಬೇಕಿತ್ತು. ಬರಲಿಲ್ಲ. ಸಿಟ್ಟು ಬಂತು, ಅದೂ ಯಾರ ಮೇಲೆಂದು ತಿಳಿಯಲಿಲ್ಲ. ಮೂರು ತಿಂಗಳು ಇವನು ತನ್ನ ಮಾತು ಕೇಳುತ್ತಿಲ್ಲ ಎಂದು ಒಳಗೊಳಗೇ ಬೆಂದಿದ್ದಳು. ಗಂಡಸು ಬರೆದಿದ್ದರೆ ಕೇಳುತ್ತಿದ್ದ ಎಂದುಕೊಂಡಿದ್ದಳು. ಅವನು ಒಂದು ಅಕ್ಷರ ಬಿಡದೆ ಕೇಳಿದ್ದ. ಅವಳೇ ಹೇಳಿರಲಿಲ್ಲ.

‘ಹದಿನೇಳನ್ನ ನೀನೇ ವಾಪಸ್ ತಗೋ ಮುಜಾಮಿಲ್.’

‘ಇವತ್ತು ಐದಕ್ಕೆ ಮೇಂಟೇನರ್ ಕಟ್ಟು ಎತ್ಕೊಳ್ತಾರೆ ಅಕ್ಕ. ತಪ್ಪಿದ್ರೆ ಇನ್ನು ಮೂರು ತಿಂಗ್ಳು. ಮ್ಯಾನೇಜರು ಆಗ್ಲೇ ಮೇಲಿನೋರಿಗೆ ಹೇಳ್ಬುಟ್ಟಿದಾರೆ. ಈಗ ಬುಟ್ಬುಡಿ, ಆಮೇಲೆ ತಿದ್ದಿ ಕಳಿಸ್ತೀನಿ. ಯಾರೂ ಅಷ್ಟು ಒಳಗೆ ನೋಡಲ್ಲ.’

‘ಒಳಗೆ ನೋಡೋಳು ನಾನೇ ಅಲ್ವೇನಪ್ಪ.’

ಫೋನ್ ಇಟ್ಟಾಗ ಮೂರೂಮುಕ್ಕಾಲು. ಅವಳು ಉತ್ತರ ಬರೆಯಲು ಕೂತಳು. ಶ್ರಮಕ್ಕೆ ಧನ್ಯವಾದ ಎಂದು ಬರೆದು ಅಳಿಸಿದಳು. ನನ್ನ ತಿಳುವಳಿಕೆ ಎಂದು ಬೆರಳು ತಾನಾಗಿಯೇ ಹೊರಟಿತು; ಅದನ್ನೂ ಅಳಿಸಿದಳು. ಮದುವೆಯಾಗಿ ಬಂದಾಗಿನಿಂದ, ಅದಕ್ಕೂ ಮುಂಚಿನಿಂದ, ಯಾರ ಮುಖಕ್ಕೂ ಇಲ್ಲ ಎನ್ನದೆ ಬದುಕಿದವಳು. ಆ ಎರಡಕ್ಷರ ಮೇಜಿನಾಚೆ ಕೂತ ಅಪರಿಚಿತರಂತೆ ಅವಳನ್ನು ದಿಟ್ಟಿಸುತ್ತಿದ್ದವು. ಕೊನೆಗೆ ಉಳಿದಿದ್ದು ಇಷ್ಟು: ಹದಿನೇಳನೆಯದು ಬೇಡ. ಪುಟವನ್ನು ಎರಡು ಸಲ ಓದುತ್ತದೆ, ನಡುವೆ ಬದಲಿಸಬಹುದು. ನನ್ನ ಹೆಸರು ತೆಗೆಯಿರಿ, ನಾನು ಒಪ್ಪಿಲ್ಲ.

ಕಳಿಸಿದಳು. ಜಗತ್ತಿನ ಎಲ್ಲೆಲ್ಲಿಯೋ ಇರುವ ಸಾವಿರಾರು ಜನರ ಪಟ್ಟಿಗೆ.

ನಾಲ್ಕೂವರೆಗೆ ಮೇಂಟೇನರ್ ಉತ್ತರಿಸಿದ. ಯಾವುದೋ ತಣ್ಣನೆ ದೇಶದ ಮನುಷ್ಯ, ಮುಖ ನೋಡಿದ್ದಿಲ್ಲ. ಕಟ್ಟನ್ನು ಕೈಬಿಟ್ಟಿದ್ದೇನೆ ಎಂದಿದ್ದ. ಕೆಳಗೆ ಒಂದು ಪ್ರಶ್ನೆ: ಇದು ಐದನೇ ಸಲ ಕಳಿಸಿದ್ದರಲ್ಲೂ ಇದೆಯಲ್ಲ, ಆಗ ನೀವು ಕಂಡಿರಲಿಲ್ಲವೇ?

ಹೇಳಿದ್ದೆ, ಇಗೋ ಮೇಲ್, ಎಂದು ತೋರಿಸಬಹುದಿತ್ತು. ತಪ್ಪು ಮುಜಾಮಿಲ್‌ನ ತಲೆಗೆ ಹೋಗುತ್ತಿತ್ತು, ಸುಲಭವಾಗಿ. ಅವಳು ಬರೆದಳು: ಕಂಡಿದ್ದೆ. ಸರಿಯಾಗಿ ಹೇಳಲಿಲ್ಲ. ತಪ್ಪು ನನ್ನದು.

ಹೀಗೆ ಬರೆದರೆ ಹಗುರವಾಗುತ್ತದೆ ಎಂದು ಜನ ಹೇಳುತ್ತಾರೆ. ಏನೂ ಆಗಲಿಲ್ಲ. ಮೂರು ತಿಂಗಳು ಹಾಳು, ಮ್ಯಾನೇಜರನ ಎರಡು ಕರೆ ಬಂದು ನಿಂತಿದ್ದವು, ಹನ್ನೊಂದು ವರ್ಷದಲ್ಲಿ ಮೊದಲ ಸಲ ತಲೆ ತಗ್ಗಿತ್ತು.

ಮುಜಾಮಿಲ್ ಮತ್ತೆ ಫೋನ್ ಮಾಡಿದ.

‘ಮೇಡಂ.’ ಅಕ್ಕ ಹೋಗಿತ್ತು. ‘ಪುಟಾನ ಒಂದೇ ಸಲ ಓದಿ ಕಾಪಿ ಇಟ್ಕೊಳ್ತೀನಿ. ನಡುವಿನ ಯಂತ್ರದ ಮೆಮೊರೀಲೇ ಒಂದು ಮೂಲೇಲಿ ಇಟ್ರೆ ನಡೀತದಾ?’

ಬಾಯಿಗೆ ಬಂದ ‘ನೋಡೋಣ’ವನ್ನು ಅವಳು ನುಂಗಿಕೊಂಡಳು.

‘ಇಲ್ಲ,’ ಎಂದಳು. ‘ಅದು ಪುಟ ಬದಲಿಸೋರ ಕೈಗೆ ಸಿಗೋ ಜಾಗ. ಕರ್ನಲ್ ಒಳಗೇ ಇಡು.’

ಅವನು ಬರೆದುಕೊಳ್ಳುವ ಸದ್ದು ಕೇಳಿಸಿತು.

‘ಆಯ್ತು. ಬೇರೆ ಏನಾದ್ರೂ ಐತಾ?’

‘ಐತೆ,’ ಎಂದು ಭವ್ಯ ಕುರ್ಚಿ ಎಳೆದುಕೊಂಡಳು. ‘ಒಂಬತ್ತನೇ ಪ್ಯಾಚೂ ಸರಿ ಇಲ್ಲ.’