ಹದಿನಾಲ್ಕು ಪಟ್ಟಿಯ ಚೀಲ

ಮೂವತ್ತು ವರ್ಷ ಬಟ್ಟೆ ಹೊಲಿದವಳಿಗೆ ಒಂದು ಚೀಲ ಅರ್ಥವಾಗಲಿಲ್ಲ ಅಂದರೆ ನಂಬುತ್ತೀರಾ? ಅಂಗಡಿಯವನು ಮೇಜಿನ ಮೇಲಿಟ್ಟಾಗಲೇ ಎಣಿಸಿದೆ, ಹದಿನಾಲ್ಕು ಪಟ್ಟಿ. ಹೆಗಲಿಗೆ ಎರಡು, ಎದೆಗೊಂದು, ಸೊಂಟಕ್ಕೊಂದು. ಉಳಿದ ಹತ್ತು ಯಾತಕ್ಕೆ?

"ಭಾರ ಹಂಚೋಕೆ ಅಮ್ಮಾ," ಅಂದ.

"ಯಾರಿಗೆ ಹಂಚೋದಪ್ಪಾ? ಹೊರೋದು ಒಬ್ಬಳೇ ತಾನೇ?"

ಅವನು ನಕ್ಕು ಬೇರೆ ಗಿರಾಕಿ ಕಡೆ ಹೋದ. ಎಂಥಾ ಅಧಿಕಪ್ರಸಂಗಿ!

ಬೆಟ್ಟ ಹತ್ತುವ ಹುಚ್ಚು ನನ್ನದಲ್ಲ, ಅಕ್ಕನದು. ವರ್ಷವಿಡೀ ಹಾಸಿಗೆ ಹಿಡಿದು ಎದ್ದವಳು. ಇನ್ನು ನಡೆಯಬಹುದು ಅಂತ ಡಾಕ್ಟರು ಅಂದದ್ದೇ ತಡ, ಬೆಟ್ಟ ಅಂದಳು. ಹೋಗುವುದು ಮುಂದಿನ ತಿಂಗಳು. ಆದರೆ ಈ ಭಾನುವಾರ ಬೆಟ್ಟ ಹತ್ತುವ ತಂಡದ ಅಭ್ಯಾಸ ನಡಿಗೆ. ಅಂದು ಸ್ವಂತ ಚೀಲ ಹೊತ್ತು ನಡೆಯಲಾಗದವರನ್ನು ತಂಡದವರು ಕರೆದೊಯ್ಯುವುದಿಲ್ಲ. "ಇದೊಂದು ತಪ್ಪಿದರೆ ನಾನು ಮತ್ತೆ ಆ ಮಂಚಕ್ಕೇ ಹೋಗಿ ಬೀಳ್ತೀನಿ ಕಣೇ," ಅಂದಳು. ಅದನ್ನು ಕೇಳಿದ ಮೇಲೆ ನಾನೂ ಬರ್ತೀನಿ ಅಂತ ಹೇಳಿ ಸಿಕ್ಕಿಹಾಕಿಕೊಂಡೆ.

ಶನಿವಾರ ಮಧ್ಯಾಹ್ನ ಕೊಂಡು ತಂದದ್ದನ್ನೆಲ್ಲಾ ಹೊಲಿಗೆ ಮೆಷಿನ್ನಿನ ಪಕ್ಕ ಹರಡಿಕೊಂಡು ಕೂತೆ. ಬೆಟ್ಟ ಹತ್ತುವ ಕೋಲು ಎಳೆದರೆ ಉದ್ದ, ತಿರುಗಿಸಿದರೆ ಗಿಡ್ಡ, ಊರಿದರೆ ತಾನಾಗೇ ಒಳಗೆ ಹೋಗುತ್ತದೆ. ನೀರಿನ ಚೀಲಕ್ಕೊಂದು ಕೊಳವೆ, ಅದರ ತುದಿ ಕಚ್ಚಿದರೆ ಮಾತ್ರ ನೀರು. ಲೋಟಕ್ಕೇನಾಗಿತ್ತು ಧಾಡಿ? ಕೊನೆಗೆ ಅಕ್ಕನ ಚೀಲ ಎತ್ತಿಕೊಂಡೆ. ಹದಿನಾಲ್ಕೂ ತುದಿ ಮೊಳದುದ್ದ ಜೋತಾಡುತ್ತಿದ್ದವು. ಹಾಗೆ ಬಿಟ್ಟ ಕೆಲಸ ಕಂಡರೆ ನನಗೆ ಮೈಯೆಲ್ಲಾ ಉರಿಯುತ್ತದೆ. ಅಕ್ಕ ಕಾಲಿಗೆ ಸಿಕ್ಕಿಸಿಕೊಂಡು ಮುಗ್ಗರಿಸಿದರೆ?

ಅವಳು ಮಲಗಿದ್ದಳು, ಎಬ್ಬಿಸುವುದ್ಯಾಕೆ ಅಂತ ಅಳತೆ ಪುಸ್ತಕ ತೆಗೆದೆ. ಅಕ್ಕನ ಸೊಂಟ ಮೂವತ್ತಾರು ಇಂಚು. ಅಷ್ಟಕ್ಕೇ ಎಳೆದು, ಜಾರದ ಹಾಗೆ ಬಕಲ್ಲಿನ ಹಿಂದೆ ಎರಡೆರಡು ಸಾಲು ಗಟ್ಟಿ ಹೊಲಿಗೆ ಹಾಕಿದೆ. ಉಳಿದದ್ದನ್ನು ಮಡಚಿ ಅಲ್ಲೇ ಸೇರಿಸಿ ಹೊಲಿದೆ. ಒಂದು ಪಟ್ಟಿಯೂ ಅಲ್ಲಾಡುವ ಹಾಗಿರಲಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಳ್ಳುವುದೊಂದು ಬಾಕಿ.

ಅಕ್ಕ ಎದ್ದು ಬಂದಳು. "ತಿರುಗು," ಅಂದೆ. ಚೀಲ ಹೊರಿಸಿ ಸೊಂಟದ ಬಕಲ್ಲು ಹಾಕಿದೆ. ಟಕ್ ಅಂತು. ಕೈ ಬಿಟ್ಟೆ. ಪಟ್ಟಿ ಸೊಂಟ ದಾಟಿ ತೊಡೆಗೆ ಇಳಿಯಿತು.

ಅಳತೆ ತಪ್ಪಿತಾ? ಮತ್ತೆ ಪುಸ್ತಕ ನೋಡಿದೆ. ಮೂವತ್ತಾರೇ. ಬರೆದು ಎರಡು ವರ್ಷವಾಗಿತ್ತು. ಆದರೂ ಇಷ್ಟು ವ್ಯತ್ಯಾಸವೇ? ಔಷಧಿಗೆ ಮುಖ ಮೊದಲಿಗಿಂತ ತುಂಬಿಕೊಂಡಿತ್ತಲ್ಲ! ಅವಳು ತೊಟ್ಟಿದ್ದ ಎರಡು ಸ್ವೆಟರನ್ನೂ ಎತ್ತಿ ಟೇಪು ಸುತ್ತಿದೆ. ಇಪ್ಪತ್ತೆಂಟು. ಬಿಚ್ಚಿ ಇನ್ನೊಮ್ಮೆ ಸುತ್ತಿದೆ. ಇಪ್ಪತ್ತೆಂಟು.

"ಎಷ್ಟು?" ಅಂದಳು.

"ಮೂವತ್ತೆರಡು."

"ನಂಗೇ ಟೋಪಿ ಹಾಕ್ತೀಯಾ?"

"ಅಕ್ಕಾ, ಡಾಕ್ಟರು ನಡೀಬಹುದು ಅಂದ್ರಲ್ಲ?"

"ನಡೀಬಹುದು ಅಂದ್ರು. ವಾಸಿಯಾಯ್ತು ಅನ್ನಲಿಲ್ಲ."

ಬೈಯಬೇಕಾ, ತಬ್ಬಿಕೊಳ್ಳಬೇಕಾ, ಬಾಗಿಲು ಹಾಕಿ ಒಳಗೇ ಕೂರಿಸಬೇಕಾ? ಕತ್ತರಿ ತೆಗೆದುಕೊಂಡು ಸೊಂಟದ ಹೊಲಿಗೆ ಬಿಚ್ಚತೊಡಗಿದೆ. ಕಣ್ಣು ಮಂಜಾಗಿ ದಾರವೇ ಕಾಣುತ್ತಿರಲಿಲ್ಲ.

"ಇಪ್ಪತ್ತೆಂಟಕ್ಕೆ ಹೊಲಿದು ಕೊಡ್ತೀನಿ," ಅಂದೆ.

ಅಕ್ಕ ಪಕ್ಕದ ಸ್ಟೂಲಿನ ಮೇಲೆ ಕೂತು ಚೀಲದ ಇನ್ನೊಂದು ತುದಿ ಹಿಡಿದುಕೊಂಡಳು.

"ಹೊಲೀಬೇಡ್ವೇ, ಬಿಚ್ಚಿ ಹಾಗೇ ಬಿಡು. ಬೆಟ್ಟಕ್ಕೆ ಇನ್ನೂ ಒಂದು ತಿಂಗಳಿದೆ. ಅಷ್ಟರಲ್ಲಿ ಇನ್ನೂ ಬಿಗಿ ಮಾಡ್ಕೋಬೇಕಾಗುತ್ತೆ."