ಎರಡು ಬ್ಯಾಟರಿ

ಕ್ಲಚ್ಚಿಲ್ಲ, ಗೇರಿಲ್ಲ. ಮಧುಶ್ರೀಯ ಪೋಲಿಯೋ ಬಡಿದ ಎಡಗಾಲಿಗೆ ಕೆಲಸವೇ ಕೊಡದ ಕಾರು. ಆ ಪುಟ್ಟ ಎಲೆಕ್ಟ್ರಿಕ್ ಕಾರನ್ನು ಅಪ್ಪ ಕಂಠಪ್ಪ ಮೈಸೂರಿನ ವಕೀಲರೊಬ್ಬರಿಂದ ಕೊಂಡು ತಂದ ಮೇಲೆ ಅವಳು ಹುಣಸೂರಿನಿಂದ ಹನಗೋಡಿನ ಖಾಸಗಿ ಶಾಲೆಗೆ ಪಾಠ ಹೇಳಲು ಯಾರ ಹಂಗೂ ಇಲ್ಲದೆ ಹೋಗಿಬರತೊಡಗಿದಳು. ಮೂರು ವಾರ.

ಅಷ್ಟರಲ್ಲಿ ಕಂಠಪ್ಪನ ಜೊತೆಗಾರ ತಂಬಾಕು ವ್ಯಾಪಾರಿಗಳು ಅದನ್ನು ಆಟದ ಸಾಮಾನು ಎಂದು ನಕ್ಕರು. ಆ ಭಾನುವಾರವೇ ಅವನು ಮಗಳನ್ನೂ ಕೂರಿಸಿಕೊಂಡು ಹೋಗಿ ಕಾರನ್ನು ಲಾರಿ ಎಲೆಕ್ಟ್ರಿಷಿಯನ್ ಕೆಂಪಯ್ಯನ ಮುಂದೆ ನಿಲ್ಲಿಸಿದ.

"ಟೇಪು, ನಾಕ್ ಸ್ಪೀಕರ್ರು, ರಿವರ್ಸಿಗೆ ಮ್ಯೂಸಿಕ್ಕು, ತಳದಲ್ಲಿ ನೀಲಿ ಲೈಟು. ಎಲ್ಲ ಜಡಿಲಾ. ಬಂದ್ರೆ ಬೀದಿಗೇ ಗೊತ್ತಾಗ್ಬೇಕು."

"ಅಪ್ಪಾಜಿ, ಬ್ಯಾಟರಿ ತಂಟೆಗೆ ಹೋಗ್ಬ್ಯಾಡಿ ಅಂದಿದ್ರು ವಕೀಲರು."

ಕೆಂಪಯ್ಯ ನಕ್ಕ. "ಲಾರೀಲಿ ಎರಡು ಬ್ಯಾಟ್ರಿ ಇರ್ತವೆ ಕಣವ್ವ. ಟೇಪಿಗೆ ಒಂದ್ರಿಂದ ಎಳ್ಕೊತೀವಿ. ಇಪ್ಪತ್ತೊರ್ಸದಲ್ಲಿ ಯಾವ ಲಾರಿ ಸತ್ತೈತೆ? ಇದ್ರಲ್ಲಿ ಎಂಟವೆ. ಎರಡ್ರಿಂದ ಎಳುದ್ರಾಯ್ತು."

"ಲಾರಿ ಓಡೋದು ಡೀಸೆಲ್ಲಲ್ಲಿ. ಇದು ಬ್ಯಾಟರೀಲೇ ಓಡ್ಬೇಕು."

"ಸುಮ್ನಿರವ್ವ, ಮೇಡಮ್ಮಿಕೆ ಹನಗೋಡಲ್ಲಿ ಮಾಡುವಂತೆ," ಎಂದ ಅಪ್ಪ.

ಹತ್ತು ದಿನ ಕಾರು ಹಾಡಿತು. ಸಂಜೆ ಅವಳು ಮರಳುವುದನ್ನೇ ಕಾದು ಅಪ್ಪ ಕೀಲಿ ಕಸಿದು ಪೇಟೆ ಸುತ್ತುತ್ತಿದ್ದ. ಆರು ಬ್ಯಾಟರಿಗಳು ಬರೀ ಕಾರು ಎಳೆದವು. ಉಳಿದೆರಡು ಹಾಡಿಗೂ ದುಡಿದವು. ಹನ್ನೊಂದನೆಯ ದಿನ ಬೆಳಿಗ್ಗೆ ಹನಗೋಡು ಇನ್ನೂ ಎರಡು ಮೈಲಿ ಇರುವಾಗ ಕಾರು ನಿಂತಿತು. ಹಗ್ಗ ಕಟ್ಟಿ ಟ್ರ್ಯಾಕ್ಟರ್ ಎಳೆಯಿತು. ಸ್ಟೇರಿಂಗ್ ಹಿಡಿದು ಕೂತಿದ್ದ ಅವಳನ್ನು ಕಂಡು ಬಸ್ಸಿನವರೆಲ್ಲ ಇಣುಕಿದರು.

ಕೆಂಪಯ್ಯನ ಅಂಗಡಿಯಲ್ಲಿ ಸೀಟು ಎತ್ತಿ ನೋಡಿದರೆ ಎರಡೇ ಬ್ಯಾಟರಿ ಉಬ್ಬಿದ್ದವು. ಹಾಡಿನವು.

"ಈ ವೈರ್ ಕಿತ್ತು, ಎರಡು ಬೇರೆ ಹಾಕಿದ್ರೆ ಓಡುತ್ತಲ್ವಾ?" ಅವಳು ಮೆಲ್ಲಗೆ ಕೇಳಿದಳು.

"ಓಡ್ತದೆ ಕಣವ್ವ. ತೆಪ್ಪಾಯ್ತು," ಎಂದ ಕೆಂಪಯ್ಯ.

ಅಷ್ಟರಲ್ಲಿ ಅಪ್ಪ ಬಂದ, ಹಿಂದೆ ಅವನ ಜೊತೆಗಾರರು. "ಏನಾಗೈತ್ಲಾ?"

ಕೆಂಪಯ್ಯ ಅವರನ್ನೆಲ್ಲ ಒಮ್ಮೆ ನೋಡಿದ. "ಗಾಡೀನೇ ಸರಿಯಿಲ್ಲ ಯಜಮಾನ್ರೆ. ನಮ್ಮ ರೋಡಿಗಲ್ಲ ಇದು."

"ಅಪ್ಪಾಜಿ, ವೈರ್ ಎಳೆದಿದ್ದಕ್ಕೇ ಹೀಗಾಗಿದ್ದು. ಈಗ ತಾನೇ ಇವರೇ ಹೇಳಿದ್ರು!"

ಕೆಂಪಯ್ಯ ಸ್ಪಾನರ್ ಹುಡುಕುತ್ತ ಬಗ್ಗಿದ. ತಪ್ಪು ಗಾಡಿಯ ಮೇಲೆ ಬಿದ್ದಿದ್ದಕ್ಕೆ ಅಪ್ಪನ ಮುಖ ಹಗುರಾಗಿತ್ತು. "ಮಾರಾಕುವ ಬುಡು," ಎಂದ.

ಸಂಜೆ ಹೆಡ್‌ಮಾಸ್ಟರಿಗೆ ಅವನೇ ಫೋನು ಮಾಡಿದ.

"ಬ್ಯಾರೆಯವ್ರನ್ನ ನೋಡ್ಕಳಿ ಸಾರ್. ನಮ್ಮುಡ್ಗಿ ಕೈಲಾಗಲ್ಲ. ಕಾಲು ಅಂಗೈತಲ್ಲ." ಬಾಗಿಲಲ್ಲಿ ನಿಂತಿದ್ದ ಮಗಳನ್ನು ಕಂಡರೂ ದನಿ ತಗ್ಗಿಸಲಿಲ್ಲ. "ಊಂ, ಅವಳ್ನೂ ಕೇಳ್ದೆ. ಒಪ್ಪವಳೆ."