ಸುಳ್ಳು ಅಳತೆ ಕೊಟ್ಟ ಟೈಲರಣ್ಣ

ಟೈಲರಣ್ಣನಿಗೆ ಮೂಗಿನ ತುದಿಯಲ್ಲೇ ಕೋಪ. ಅವತ್ತು ಆರೋಗ್ಯ ಕೇಂದ್ರದಲ್ಲಂತೂ ಕೇಳುವುದೇ ಬೇಡ. ಅಲ್ಲಿ ಹೊಸ ಪದ್ಧತಿ ಬಂದಿತ್ತು. ಮೊದಲು ನರ್ಸಮ್ಮನ ಹತ್ತಿರ ಹತ್ತು ನಿಮಿಷ ಕೂರಬೇಕು, ಡಾಕ್ಟರಮ್ಮ ಆಮೇಲೆ.

"ಬಿ.ಪಿ. ತುಂಬಾ ಇದೆಯಲ್ಲ ಅಣ್ಣ! ಮಾತ್ರೆ ದಿನಾ ತಗೋತಿದ್ದೀರಾ?" ನರ್ಸಮ್ಮ ಕೇಳಿದರು.

"ಹೂಂ, ತಗೋತೀನಿ," ಎಂದ.

ಹಸಿ ಸುಳ್ಳು. ಆ ಮಾತ್ರೆಯಿಂದ ಕಾಲು ಊದುತ್ತದೆಂದು ಒಂದು ದಿನ ನುಂಗಿದರೆ ಮೂರು ದಿನ ಬಿಡುತ್ತಿದ್ದ. ಮೊನ್ನೆ ಹೊಲಿಗೆ ಮಷಿನ್ ಮುಂದೆಯೇ ಕಣ್ಣು ಕತ್ತಲೆ ಬಂದಿತ್ತು. ಹೊಲಿಗೆ ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲದ ಮನುಷ್ಯ, ಒಳಗೊಳಗೇ ಹೆದರಿದ್ದ.

"ಡಾಕ್ಟರಮ್ಮನಿಗೆ ನಮ್ಮನ್ನ ನೋಡೋಕೆ ಬೇಜಾರು. ಅದಕ್ಕೇ ನಿಮ್ಮ ಕಡೆ ತಳ್ಳಿದ್ದಾರೆ," ಎಂದು ಗೊಣಗಿದ.

ನರ್ಸಮ್ಮ ನಕ್ಕು ಒಳಕೋಣೆಯತ್ತ ಕೈ ತೋರಿಸಿದರು. ಮಧ್ಯಾಹ್ನ ಮೂರಾದರೂ ಮೇಜಿನ ಮೇಲಿನ ಊಟದ ಡಬ್ಬಿ ಬಿಚ್ಚಿರಲಿಲ್ಲ. ಡಾಕ್ಟರಮ್ಮ ಮಂಡಿಯೂರಿ ಕುಳಿತು ಒಬ್ಬ ಅಜ್ಜಿಯ ಕಾಲಿನ ಗಾಯ ನೋಡುತ್ತಿದ್ದರು.

"ದಿನಕ್ಕೆ ಎಂಬತ್ತು ಜನ, ಡಾಕ್ಟರು ಇರೋದು ಒಬ್ಬರೇ," ಎಂದರು ನರ್ಸಮ್ಮ. " ಮೊದಲು ಒಬ್ಬೊಬ್ಬರಿಗೆ ಮೂರು ನಿಮಿಷಾನೂ ಸಿಗ್ತಿರಲಿಲ್ಲ. ಈಗ ತಪಾಸಣೆ, ವಿಚಾರಣೆ ನನ್ನದು. ಹಳೇ ಮಾತ್ರೆ ಮುಂದುವರಿಸೋರ ಜೊತೆ ಫೋನಲ್ಲೇ ಮಾತಾಡ್ತೀವಿ. ಹಾಗೆ ಉಳಿದ ಡಾಕ್ಟರಮ್ಮನ ಟೈಮು ನಿಮ್ಮಂಥೋರಿಗೆ."

ಪಕ್ಕದಲ್ಲಿದ್ದ ಹೆಂಡತಿಗೆ ಇನ್ನು ತಡೆಯಲಾಗಲಿಲ್ಲ. "ರೀ, ನಮ್ಮ ಅಂಗಡೀಲಿ ಟೇಪ್ ಹಿಡಿಯೋದು ನಾನು, ಕತ್ತರಿ ಹಿಡಿಯೋದು ನೀವು. ನನಗೆ ಸುಳ್ಳು ಅಳತೆ ಕೊಟ್ಟೋರಿಗೆ ನೀವು ಸರಿಯಾದ ಅಂಗಿ ಹೊಲೀತೀರಾ?"

ಟೈಲರಣ್ಣನ ಮುಖ ಇಂಗು ತಿಂದ ಮಂಗನಂತಾಯಿತು. ಎಲ್ಲ ಒಪ್ಪಿಕೊಂಡ. ನರ್ಸಮ್ಮ ಒಂದು ಮಾತೂ ಬಯ್ಯದೆ ಬರೆದುಕೊಂಡರು.

ಒಳಗೆ ಡಾಕ್ಟರಮ್ಮ ಚೀಟಿ ಓದಿ, ಅವನ ಪಾದ ಒತ್ತಿ ನೋಡಿ, ಬೇರೆ ಮಾತ್ರೆ ಬರೆದರು. "ಸದ್ಯ, ಹೇಳಿದ್ರಿ! ಇಲ್ಲದಿದ್ರೆ ಅದೇ ಮಾತ್ರೆ ಡಬಲ್ ಮಾಡ್ತಿದ್ದೆ. ಕಾಲು ಇನ್ನೂ ಊದ್ತಿತ್ತು, ನೀವು ಪೂರ್ತಿ ಬಿಟ್ಟುಬಿಡ್ತಿದ್ರಿ. ಆಮೇಲೆ ಲಕ್ವ ಹೊಡೆದು ಕೈ ಬಿದ್ದುಹೋದ್ರೆ ಕತ್ತರಿ ಹಿಡಿಯೋದು ಹೇಗೆ?"

ಅವನು ತನ್ನ ಬಲಗೈಯನ್ನೇ ನೋಡಿಕೊಂಡ. ಹಸಿದ ಹೊಟ್ಟೆಯಲ್ಲೂ ಇಷ್ಟು ಸಮಾಧಾನದಿಂದ ಮಾತಾಡುವ ಆ ತಾಯಿಯ ಮೇಲೆ ಗೌರವ ಉಕ್ಕಿ ಬಂತು.

ಹೊರಗೆ ಒಬ್ಬಾತ ನರ್ಸಮ್ಮನಿಗೆ, "ಡಾಕ್ಟರ್ ಹತ್ರಾನೇ ಹೇಳ್ತೀನಿ," ಎನ್ನುತ್ತಿದ್ದ. ಟೈಲರಣ್ಣ ಅವನ ಹೆಗಲು ತಟ್ಟಿದ. "ಮೊದಲು ಇವರಿಗೆ ಸರಿಯಾದ ಅಳತೆ ಕೊಡಪ್ಪ. ಡಾಕ್ಟರಮ್ಮ ಊಟನಾದರೂ ಮಾಡ್ಲಿ!"

ನೀವೂ ಅಷ್ಟೇ ಮಾಡಿ. ನರ್ಸಮ್ಮ ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಬಿಟ್ಟ ಮಾತ್ರೆಯನ್ನೂ ಮುಚ್ಚಿಡಬೇಡಿ. ನಿಮ್ಮ ಡಾಕ್ಟರ ಕೈಗೆ ಬಲ ಬರುವುದು ನಿಮ್ಮ ನಿಜದಿಂದಲೇ.